ಸೀಟಿನ ಮೇಲಿನ ಮುಚ್ಚಳ

“ಎಣ್ಣೆ ಏನು ಹಾಲಾ ಬೀಗ್ರೇ, ಹುಳಿ ಆಗೋದಕ್ಕೆ?”

ನರ್ಸಮ್ಮ ಕಾರಿನಿಂದ ಇಳಿಯುವ ಮೊದಲೇ ವಾದಕ್ಕೆ ಇಳಿದಿದ್ದರು. ಗ್ಯಾರೇಜಿಗೆ ಬಂದದ್ದು ಚಕ್ರಗಳಿಗೆ ಗಾಳಿ ತುಂಬಿಸಿಕೊಳ್ಳಲು. ಆದರೆ ಮೇಸ್ತ್ರಿಯ ಕೈ ಸುಮ್ಮನಿರುವ ಕೈಯಲ್ಲ. ನೀಲಿ ಕಾರಿನ ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು, ತುದಿಗೆ ಅಂಟಿದ್ದನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದ. ಡಾಂಬರಿನಂತಿತ್ತು. ಮೂಸಿದರೆ ಸುಟ್ಟ ವಾಸನೆ.

“ಹಾಲು ಕೆಟ್ರೆ ಮೂಗಿಗೆ ಗೊತ್ತಾಗುತ್ತೆ. ಇದು ಕೆಟ್ರೆ ಇಂಜಿನ್ನಿಗೆ ಮಾತ್ರ ಗೊತ್ತಾಗೋದು. ಕೊನೇ ಸಲ ಬದಲಾಯಿಸಿದ್ದು ಯಾವಾಗ?”

“ಬದಲಾಯಿಸೋದು ಯಾಕೆ? ಕಮ್ಮಿ ಆದಾಗೆಲ್ಲ ಮೇಲಿಂದ ಹಾಕ್ತೀನಲ್ಲ. ಮೂರು ವರ್ಷದಲ್ಲಿ ಒಂದಿನ ಕೈ ಕೊಟ್ಟಿಲ್ಲ.”

“ಬಚ್ಚಲಲ್ಲಿ ನಿಂತ ಕೊಳೆ ನೀರಿಗೆ ದಿನಾ ಒಂದು ಚೊಂಬು ಹೊಸ ನೀರು ಸುರಿದು, ಅದರಲ್ಲೇ ಸ್ನಾನ ಮಾಡಿದ ಹಾಗಾಯ್ತು.”

ಹಿಂದಿನ ಸೀಟಿನಲ್ಲಿ ದಿಂಬಿಗೊರಗಿ ಮಗ್ಗುಲಾಗಿ ಮಲಗಿದ್ದ ಪುಟ್ಟಿ ಕಿಸಕ್ಕನೆ ನಕ್ಕಳು. ಅತ್ತೆ ತಿರುಗಿ ನೋಡಿದ್ದೇ ನಗುವನ್ನು ಕೆಮ್ಮಾಗಿ ಮಾಡಿಕೊಂಡಳು.

ಪುಟ್ಟಿ ಮೇಸ್ತ್ರಿಯ ಒಬ್ಬಳೇ ಮಗಳು. ನರ್ಸಮ್ಮನ ಒಬ್ಬಳೇ ಸೊಸೆ. ಎಂಟು ತಿಂಗಳ ಬಸುರಿ. ಮಗು ಅಡ್ಡ ತಿರುಗಿದೆಯೆಂಬ ಅನುಮಾನ ಬಂದು ಹತ್ತು ದಿನವಾಗಿತ್ತು. ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮನಿಗೇ ಆ ಅನುಮಾನ ಬಂದದ್ದರಿಂದ ಅದನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ. ಬೆಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಡಾಕ್ಟರು ಇವತ್ತು ಹನ್ನೆರಡರವರೆಗೆ ಇರುತ್ತಾರೆ. ತಪ್ಪಿದರೆ ಇನ್ನೊಂದು ವಾರ.

“ನಿಮ್ಮ ಗ್ಯಾರೇಜಿನವರ ಕಥೆ ಗೊತ್ತು ಬಿಡಿ,” ಎಂದರು ನರ್ಸಮ್ಮ. “ಐದು ಸಾವಿರ ಕಿಲೋಮೀಟರ್ ಆಯ್ತಾ, ಬದಲಾಯಿಸು. ಆರು ತಿಂಗಳಾಯ್ತಾ, ಬದಲಾಯಿಸು. ಅದೆಲ್ಲ ನಿಜವಾಗ್ಲೂ ಬೇಕಾ?”

ಮೇಸ್ತ್ರಿ ಈ ಪ್ರಶ್ನೆಗೆ ಎಂದೂ ಸುಳ್ಳು ಹೇಳಿದವನಲ್ಲ. “ಅಷ್ಟು ಬೇಗ ಬೇಡ. ಈಗಿನ ಆಯಿಲ್ ಬಾಳಿಕೆ ಬರುತ್ತೆ. ಅರ್ಧ ಜನ ಭಯಕ್ಕೆ ಒಳ್ಳೇ ಆಯಿಲ್ ಚೆಲ್ತಾರೆ. ಇನ್ನರ್ಧ ಜನ ನಿಮ್ಮ ಹಾಗೆ, ಚೆಲ್ಲೋದೇ ಇಲ್ಲ. ನಿಮ್ಮ ಹತ್ರ ಬರೋ ಬಿ.ಪಿ.ಯವರು ಏನಂತಾರೆ? ‘ನಾನು ಚೆನ್ನಾಗೇ ಇದೀನಲ್ಲ, ಮಾತ್ರೆ ಯಾಕೆ’ ಅಂತಾರೆ. ಆಗ ನೀವೇನು ಮಾಡ್ತೀರಿ?”

“ಬೈತೀನಿ.”

“ನಾನು ಬೀಗ. ಬೈಯೋ ಹಾಗಿಲ್ಲ. ಅರ್ಧ ಗಂಟೆ ಕೊಡಿ ಸಾಕು.”

ಬಗ್ಗಿ ಒಳಗೆ ನೋಡಿದಾಗ ಅವನಿಗೆ ಇನ್ನೊಂದು ಕಂಡಿತು. ಸ್ಟಿಯರಿಂಗಿನ ಹಿಂದೆ, ಆಯಿಲಿನ ಕೆಂಪು ದೀಪದ ಮೇಲೆ, ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡು ಅಂಟಿಸಿತ್ತು.

“ಅದು ಸುಮ್ಸುಮ್ನೆ ಮಿಣಮಿಣ ಅಂತಿತ್ತು. ಕಣ್ಣಿಗೆ ಚುಚ್ಚುತ್ತೆ,” ಎಂದರು ನರ್ಸಮ್ಮ.

ಮೇಸ್ತ್ರಿ ಪ್ಲಾಸ್ಟರನ್ನು ಉಗುರಿನಿಂದ ಎಬ್ಬಿಸಿ ಕಿತ್ತುಹಾಕಿದ.

ಪುಟ್ಟಿಯನ್ನು ಇಳಿಸಿ ಒಳಗಿನ ಬೆಂಚಿನ ಮೇಲೆ ಕೂರಿಸಿದರು. ಅವಳು ಫೋನನ್ನು ಚಾರ್ಜಿಗೆ ಹಾಕಿದಳು. ಮೇಸ್ತ್ರಿಯ ಅಕ್ಕ ಗ್ಯಾರೇಜಿನ ಬಾಗಿಲ ಪಕ್ಕದಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಸೀಟ್ ಕವರ್ ಹೊಲಿಯುವವಳು. ಬಂದ ಗಾಡಿಗಳ ಬೀಗದಕೈಯೆಲ್ಲ ಅವಳ ತಲೆಯ ಮೇಲಿನ ಹಲಗೆಯಲ್ಲಿ ತೂಗುತ್ತಿದ್ದವು. ಅವಳ ಕಣ್ಣು ತಪ್ಪಿಸಿ ಒಂದು ಗಾಡಿಯೂ ಹೊರಗೆ ಹೋಗುವಂತಿರಲಿಲ್ಲ.

ಆ ಗ್ಯಾರೇಜಿನಲ್ಲಿ ಒಂದು ಕಟ್ಟುಪಾಡಿತ್ತು. ಹಳೆಯ ಆಯಿಲ್ ಇಳಿಸಿದ ಕೂಡಲೇ ಇಂಜಿನ್ನಿಗೆ ಆಯಿಲ್ ಸುರಿಯುವ ಬಾಯಿಯ ಮುಚ್ಚಳವನ್ನು ತಂದು ಡ್ರೈವರ್ ಸೀಟಿನ ಮೇಲೆ ಇಡಬೇಕು. ಹೊಸ ಆಯಿಲ್ ತುಂಬಿದ ಮೇಲೆಯೇ ಅದು ಸೀಟು ಬಿಟ್ಟು ಏಳುವುದು. ಮುಚ್ಚಳ ಸೀಟಿನ ಮೇಲಿದ್ದರೆ ಅಕ್ಕ ಬೀಗದಕೈ ಕೊಡುವುದಿಲ್ಲ, ಮುಚ್ಚಳದ ಮೇಲೆ ಯಾರೂ ಕೂರುವುದೂ ಇಲ್ಲ. ಇಪ್ಪತ್ತು ವರ್ಷದಲ್ಲಿ ಈ ಕಟ್ಟುಪಾಡು ಒಮ್ಮೆಯೂ ಕೈ ಬಿಟ್ಟಿರಲಿಲ್ಲ.

ಮೇಸ್ತ್ರಿ ಕೆಳಗೆ ನುಗ್ಗಿ ನಟ್ಟು ಬಿಚ್ಚಿದ. ಕರಿ ಎಣ್ಣೆ ತಟ್ಟೆಗೆ ಇಳಿಯಿತು. ಕೊನೆಯ ಹನಿಯವರೆಗೆ ಕಾದು, ನಟ್ಟು ಬಿಗಿದು, ಹೊಸ ಫಿಲ್ಟರ್ ಕೂರಿಸಿ, ಮುಚ್ಚಳವನ್ನು ಸೀಟಿನ ಮೇಲಿಟ್ಟ. ಇನ್ನೇನು ಹೊಸ ಆಯಿಲಿನ ಡ್ರಮ್ಮಿನ ಕಡೆಗೆ ತಿರುಗಬೇಕು, ರಸ್ತೆಯಲ್ಲಿ ಕೂಗಾಟ ಎದ್ದಿತು.

“ಮೇಸ್ತ್ರೀ! ಬ್ರೇಕ್ ಹಿಡ್ಕೊಂಡು ಬಿಟ್ಟಿದೆ! ಗಾಡಿ ಅಲ್ಲಾಡ್ತಾ ಇಲ್ಲ!”

ಬೆಟ್ಟದ ಬಸ್ಸು ನಾಲ್ಕು ರಸ್ತೆ ಕೂಡುವಲ್ಲಿ ಅಡ್ಡ ನಿಂತಿತ್ತು. ನಾಲ್ಕೂ ಕಡೆಯಿಂದ ಹಾರನ್ನು. ಮೇಸ್ತ್ರಿ ಪಾನಾ ಹಿಡಿದು ಓಡಿದ. ಹಿಡಿದುಕೊಂಡ ಬ್ರೇಕು ಬಿಡಿಸಿ, ಬಸ್ಸು ಪಕ್ಕಕ್ಕೆ ಹತ್ತಿಸಿ, ಡ್ರೈವರ್ ಕೈ ಮುಗಿದದ್ದಕ್ಕೆ ತಲೆಯಾಡಿಸಿ ಹಿಂದಿರುಗುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಕಾರು ನಿಂತಿದ್ದ ಜಾಗ ಖಾಲಿಯಿತ್ತು.

“ಹೋದ್ರು,” ಎಂದಳು ಅಕ್ಕ, ಹೊಲಿಗೆಯಿಂದ ತಲೆಯೆತ್ತದೆ. “ನಿನ್ನ ಬೀಗಿತ್ತಿ ನಿಂತಲ್ಲಿ ನಿಲ್ಲಲಿಲ್ಲ. ಡಾಕ್ಟ್ರು ಹೊರಟುಬಿಡ್ತಾರೆ ಅಂತ ಒಂದೇ ಸಮ.”

“ಸೀಟು ನೋಡಿದೆಯಾ?”

“ನೋಡದೆ ಬೀಗದಕೈ ಕೊಡ್ತೀನೇನೋ? ಮುಚ್ಚಳ ಇರಲಿಲ್ಲ. ಬಾನೆಟ್ಟೂ ಹಾಕಿತ್ತು.”

ಮುಚ್ಚಳ ಇರಲಿಲ್ಲ ಎಂದರೆ ಆಯಿಲ್ ತುಂಬಿದೆ ಎಂದರ್ಥ. ಮೇಸ್ತ್ರಿ ಕೈ ತೊಳೆಯಲು ಹೋದ. ಸೋಪು ಉಜ್ಜುತ್ತಿದ್ದಂತೆ ಮನಸ್ಸಿನಲ್ಲಿ ಏನೋ ಮುಳ್ಳಿನಂತೆ ಚುಚ್ಚಿತು. ತುಂಬಿದ್ದು ಯಾವಾಗ? ಗುಳುಗುಳು ಸದ್ದು ನೆನಪಿದೆ. ಆದರೆ ಅದು ಇವತ್ತಿನದೋ, ನಿನ್ನೆ ಸಂಜೆಯ ವ್ಯಾನಿನದೋ? ನಲವತ್ತು ವರ್ಷದಿಂದ ಅದೇ ಕೈ, ಅದೇ ಸದ್ದು. ದಿನಾ ನಡೆಯುವ ದಾರಿಯಲ್ಲಿ ಯಾವ ಹೆಜ್ಜೆ ಯಾವತ್ತಿನದೆಂದು ಯಾರು ಹೇಳಬಲ್ಲರು? ಬಸ್ಸಿನ ಕೂಗು ಕೇಳಿದಾಗ ತಾನು ಡ್ರಮ್ಮಿಗೆ ಬೆನ್ನು ಹಾಕಿದ್ದೆನೋ, ಮುಖ ಹಾಕಿದ್ದೆನೋ?

ಒದ್ದೆ ಕೈಯಲ್ಲೇ ಬಂದು ನೋಡಿದ. ಗೋಡೆಯ ಮೊಳೆಗೆ ಅಳತೆ ಜಗ್ ತೂಗುತ್ತಿತ್ತು. ಧೂಳು ಬೀಳದಂತೆ ಅದರ ಬಾಯಿಗೆ ದಿನಾ ಸಂಜೆ ಅಕ್ಕ ಬಿಳಿ ಬಟ್ಟೆ ಕಟ್ಟುತ್ತಾಳೆ. ಬಟ್ಟೆ ಹಾಗೆಯೇ ಇತ್ತು. ಗಂಟು ಅಕ್ಕನ ಗಂಟು.

ಮೇಸ್ತ್ರಿ ಬಾಗಿಲ ಕಡೆಗೆ ತಿರುಗಿದ.

“ಅಕ್ಕಾ, ಇವತ್ತು ಈ ಬಟ್ಟೆ ಬಿಚ್ಚಿದ್ಯಾ?”

“ನಾನ್ಯಾಕೆ ಬಿಚ್ಚಲಿ?” ಎಂದವಳು ಅವನ ಮುಖ ನೋಡಿ ಮಿಷನ್ ನಿಲ್ಲಿಸಿದಳು. “ಏನಾಯ್ತೋ ತಮ್ಮಾ?”

“ಆಯಿಲ್ ಇಲ್ಲ. ಒಂದು ಹನಿ ಇಲ್ಲ. ಖಾಲಿ ಇಂಜಿನ್ ತಗೊಂಡು ಹೋಗಿದ್ದಾರೆ.”

“ಮತ್ತೆ ಮುಚ್ಚಳ?”

ಅದನ್ನು ಯಾರು ಮುಚ್ಚಿರಬಹುದೆಂದು ಮೇಸ್ತ್ರಿಗೆ ಆ ಕ್ಷಣಕ್ಕೇ ಹೊಳೆಯಿತು. ಔಷಧದ ಸೀಸೆಯಾಗಲಿ, ನೀರಿನ ಹೂಜಿಯಾಗಲಿ, ಯಾರದೋ ಮನೆಯ ಸಕ್ಕರೆ ಡಬ್ಬಿಯಾಗಲಿ, ತೆರೆದದ್ದು ಕಂಡರೆ ಮುಚ್ಚದೆ ಬಿಡದ ಕೈ ನರ್ಸಮ್ಮನದು. ಮೂವತ್ತು ವರ್ಷದ ಆಸ್ಪತ್ರೆಯ ಅಭ್ಯಾಸ. ಇಡೀ ಊರಿನಲ್ಲಿ ಬೇರೆ ಯಾರಾಗಿದ್ದರೂ ಮುಚ್ಚಳ ನೋಡಿ ‘ಇದೇನು’ ಎಂದು ಕೇಳುತ್ತಿದ್ದರು. ಆ ಒಬ್ಬರು ಮಾತ್ರ ಕೇಳುವವರಲ್ಲ, ಮುಚ್ಚುವವರು.

ಫೋನ್ ಮಾಡಿದ. ಬೆಂಚಿನ ಮೇಲೆ, ಚಾರ್ಜಿಗೆ ಹಾಕಿದ್ದ ಪುಟ್ಟಿಯ ಫೋನು ಹಾಡಿತು. ಮರೆತು ಹೋಗಿದ್ದಳು. ನರ್ಸಮ್ಮನ ಫೋನು ರಿಂಗಾಯಿತು, ರಿಂಗಾಯಿತು, ನಿಂತಿತು. ಗಾಡಿ ಓಡಿಸುವಾಗ ಅವರು ಫೋನನ್ನು ಚೀಲದಲ್ಲಿ ಹಾಕಿ, ಚೀಲವನ್ನು ಡಿಕ್ಕಿಯಲ್ಲಿ ಹಾಕುವವರು. ಅಷ್ಟು ಶಿಸ್ತು.

ಮೇಸ್ತ್ರಿ ಖಾಲಿ ಡಬ್ಬಿಯೊಂದನ್ನು ಡ್ರಮ್ಮಿನ ನಲ್ಲಿಗೆ ಹಿಡಿದ. ಆಯಿಲ್ ಎಂದಿನಂತೆ ನಿಧಾನವಾಗಿ, ಜೇನಿನ ಎಳೆಯಂತೆ ಇಳಿಯಿತು. ಎಷ್ಟು ದಿನ ಆ ಎಳೆಯನ್ನು ನೋಡಿ ‘ಆಹಾ, ಒಳ್ಳೇ ಮಾಲು’ ಎಂದು ಖುಷಿಪಟ್ಟಿದ್ದನೋ! ಇವತ್ತು ಅದನ್ನು ನಿಂತು ನೋಡುವುದೇ ಪ್ರಾಣಸಂಕಟವಾಯಿತು. ಒಂದು ಲೀಟರು. ಎರಡು. ಅಷ್ಟರಲ್ಲಿ ಅವರು ಸೇತುವೆ ದಾಟಿರಬಹುದು. ಮೂರು. ರೈಲ್ವೆ ಗೇಟು ದಾಟಿರಬಹುದು.

“ಅವರು ಬಸವನ ಹುಳದ ಹಾಗೆ ಓಡಿಸ್ತಾರೆ ಕಣೋ. ಸಿಕ್ತಾರೆ, ಹೋಗು,” ಎಂದಳು ಅಕ್ಕ. “ನಾನೇ ಕಣೋ ಬೀಗದಕೈ ಕೊಟ್ಟಿದ್ದು.”

“ನೀನು ಸರಿಯಾಗೇ ಮಾಡಿದೀಯ. ತುಂಬದೆ ಓಡಿದವನು ನಾನು,” ಎಂದು ಮೇಸ್ತ್ರಿ ಮೋಟಾರ್‌ಬೈಕಿಗೆ ಡಬ್ಬಿ ಬಿಗಿದ.

ದಾರಿಯುದ್ದಕ್ಕೂ ಅವನ ತಲೆ ತಾನೇ ಇಂಜಿನ್ನಾಗಿ ಓಡಿತು. ಎಣ್ಣೆಯಿಲ್ಲದ ಇಂಜಿನ್ ಎಷ್ಟು ಹೊತ್ತು ತಡೆದೀತು? ಸಪಾಟು ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಹತ್ತು ನಿಮಿಷ ಎಂದುಕೊಳ್ಳೋಣ. ಏರು ಹತ್ತಿದರೆ ಅದರ ಅರ್ಧ. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡು ಒಮ್ಮೆಲೇ ನಿಲ್ಲುತ್ತದೆ. ಇಂಜಿನ್ ಹೋದರೆ ಹೋಗಲಿ. ಆದರೆ ಅದು ನಿಂತರೆ ಸ್ಟಿಯರಿಂಗ್ ಕಲ್ಲಾಗುತ್ತದೆ, ಬ್ರೇಕು ಬಿರುಸಾಗುತ್ತದೆ. ಬೆಟ್ಟದ ತಿರುವು. ಹಿಂದಿನಿಂದ ಲಾರಿ. ಪಕ್ಕದಲ್ಲಿ ಪ್ರಪಾತ. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿದ ಮಗಳು, ಅವಳೊಳಗೆ ಅಡ್ಡ ಮಲಗಿದ ಇನ್ನೊಂದು ಜೀವ.

ಕೆಂಪು ದೀಪ ಹತ್ತಿರುತ್ತದೆ, ನೋಡಿ ನಿಲ್ಲಿಸಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡ. ಆ ಸಮಾಧಾನ ಮುಂದಿನ ತಿರುವಿನವರೆಗೂ ಬರಲಿಲ್ಲ. ವರ್ಷಗಟ್ಟಲೆ ಆ ದೀಪವನ್ನು ನೋಡಿ ನೋಡಿ ಸುಮ್ಮನಾದ ಕಣ್ಣು ಇವತ್ತು ಯಾಕೆ ಹೆದರೀತು?

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಮಾತು ಬೇರೆಯೇ ಇತ್ತು. ನಾನು ಬಾನೆಟ್ ಎತ್ತದೆ ಗಾಳಿ ತುಂಬಿ ಕಳಿಸಿದ್ದರೆ, ಆ ಡಾಂಬರಿನಂಥ ಎಣ್ಣೆಯಲ್ಲೇ ಅವರು ಆರಾಮಾಗಿ ಬೆಟ್ಟ ಹತ್ತುತ್ತಿದ್ದರು. ಹಳೆಯ ಕೊಳೆ ಎಣ್ಣೆ ಮಗಳನ್ನು ಮುಟ್ಟಿಸುತ್ತಿತ್ತು. ಅಪ್ಪನ ಜಾಣತನ ಮುಟ್ಟಿಸಲಿಲ್ಲ.

ಸೇತುವೆಯ ಮೇಲೆ ಕಾರು ಇರಲಿಲ್ಲ. ಮರದ ಡಿಪೋ ಮುಂದೆ ಇರಲಿಲ್ಲ. ರೈಲ್ವೆ ಗೇಟು ಕಂಡಾಗ ಅದು ಅವನ ಕಣ್ಣೆದುರೇ ಇಳಿದು ಮುಚ್ಚಿತು. ಗೂಡ್ಸ್ ರೈಲು. ಒಂದರ ಹಿಂದೊಂದು ಡಬ್ಬಿ, ಬಸುರಿಯ ಹಾಗೆ ಭಾರವಾಗಿ, ನಿಧಾನವಾಗಿ. ಮುಗಿಯುವ ಲಕ್ಷಣವೇ ಇಲ್ಲ. ಹಿಂದೆ ಗಾಡಿಗಳು ಬಂದು ನಿಂತವು. ಆಗಷ್ಟೇ ಬಿಡಿಸಿದ ಬಸ್ಸೂ ಬಂದು ಸಾಲಿನಲ್ಲಿ ನಿಂತಿತು.

ಎರಡು ಡಬ್ಬಿಗಳ ನಡುವಿನ ಸಂದಿಯಲ್ಲಿ ಏನೋ ನೀಲಿ ಮಿಂಚಿತು.

ಮೇಸ್ತ್ರಿ ಕತ್ತು ಚಾಚಿದ. ಮುಂದಿನ ಸಂದಿ. ಮತ್ತೆ ನೀಲಿ. ಅಲ್ಲಾಡುತ್ತಿಲ್ಲ. ರಸ್ತೆಯ ಪಕ್ಕವೋ, ರಸ್ತೆಯ ಮೇಲೋ? ಅದರ ಪಕ್ಕ ಯಾರೋ ನಿಂತಿದ್ದಾರೆ. ಒಬ್ಬರೇ. ಇನ್ನೊಬ್ಬಳು? ಸಂದಿ ಬರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಆಮೇಲೆ ಮತ್ತೆ ತುಕ್ಕು ಹಿಡಿದ ಗೋಡೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೇನೆಂದು ಆವತ್ತು ಅವನಿಗೆ ತಿಳಿಯಿತು.

ಕೊನೆಯ ಡಬ್ಬಿ ದಾಟಿತು. ಗೇಟು ಪೂರ್ತಿ ಏಳುವ ಮೊದಲೇ ಮೇಸ್ತ್ರಿ ತಲೆ ತಗ್ಗಿಸಿ ನುಗ್ಗಿದ.

ಏರು ಶುರುವಾಗುವಲ್ಲೇ ಕಾರು ಪಕ್ಕಕ್ಕೆ ನಿಂತಿತ್ತು. ಹಿಂದಿನ ಬಾಗಿಲು ತೆರೆದು ಪುಟ್ಟಿ ಕಾಲು ಕೆಳಗಿಟ್ಟು ಕುಳಿತಿದ್ದಳು. ನರ್ಸಮ್ಮ ಆಚೆ ಮುಖ ಮಾಡಿ ನಿಂತಿದ್ದರು.

“ಏನಾದ್ರೂ ಆಯ್ತಾ ಮಗಳೇ?”

“ಏನೂ ಇಲ್ಲಪ್ಪ. ನೀನ್ಯಾಕೆ ಹೀಗೆ ಬೆವೆತಿದೀಯಾ?”

“ಏನಾಯ್ತಾ? ನನ್ನನ್ನ ಕೇಳಿ!” ನರ್ಸಮ್ಮ ತಿರುಗಿದರು. “ನಿಮ್ಮ ಮಗಳು ಹಿಂದಿನಿಂದ ಕೈ ಹಾಕಿ ಹ್ಯಾಂಡ್ ಬ್ರೇಕ್ ಎಳೆದ್ಲು! ನಾನು ಗಾಡಿ ಓಡಿಸ್ತಾ ಇರುವಾಗ! ‘ನಿಲ್ಲಿಸಿ ನಿಲ್ಲಿಸಿ’ ಅಂತ ಕೂಗಾಟ ಬೇರೆ. ಗಂಟೆ ಹನ್ನೊಂದಾಯ್ತು.”

“ಇದಕ್ಕೆ ಮುಂಚೆ ಇನ್ನೊಂದು ರೈಲಿಗೆ ಗೇಟ್ ಹಾಕಿದ್ರು. ಅಲ್ಲಿ ಅತ್ತೆ ಎಂದಿನ ಹಾಗೆ ಇಂಜಿನ್ ಆಫ್ ಮಾಡಿದ್ರಪ್ಪ, ಪೆಟ್ರೋಲ್ ದಂಡ ಅಂತ. ಕಾಲು ಗಂಟೆ ಕೂತಿದ್ವಿ. ಮತ್ತೆ ಸ್ಟಾರ್ಟ್ ಮಾಡಿದಾಗ ಒಳಗೆ ಟಕಟಕ ಅಂತಿತ್ತು. ಅತ್ತೆ ‘ರೈಲಿನ ಸದ್ದು’ ಅಂದ್ರು. ನಾನು ಚಿಕ್ಕೋಳಿದ್ದಾಗಿಂದ ಇಂಜಿನ್ ಪಕ್ಕದಲ್ಲೇ ನಿದ್ದೆ ಮಾಡಿದೋಳು. ಅದು ರೈಲಲ್ಲ ಅಂತ ನಂಗೊತ್ತು.”

ಮೇಸ್ತ್ರಿ ಬಾನೆಟ್ ಎತ್ತಿ ಕಡ್ಡಿ ಎಳೆದು ಬೀಗಿತ್ತಿಯ ಮುಂದೆ ಹಿಡಿದ. ತುದಿ ಒಣಗಿತ್ತು.

“ಆಯಿಲ್ ಇಲ್ಲ ನರ್ಸಮ್ನೋರೇ. ಹಳೇದು ಇಳಿಸಿದ್ದೆ, ಹೊಸದು ಹಾಕಿರಲಿಲ್ಲ. ತಪ್ಪು ನಂದು.”

ನರ್ಸಮ್ಮ ಕಡ್ಡಿಯ ತುದಿ ಮುಟ್ಟಿ ನೋಡಿದರು. “ಮುಚ್ಚಳ ಸೀಟಿನ ಮೇಲೆ ಬಿದ್ದಿತ್ತಲ್ಲ... ಅವಸರದಲ್ಲಿ ಮರೆತು ಹೋದ್ರು ಅಂದ್ಕೊಂಡೆ. ಧೂಳು ಹೋಗುತ್ತೆ ಅಂತ ನಾನೇ ಹಾಕಿ, ಬಾನೆಟ್ ಮುಚ್ಚಿ...” ಅವರ ದನಿ ಇಳಿಯಿತು. ಮತ್ತೆ ಏರಿತು. “ಹಳೇ ಎಣ್ಣೇಲೇ ಹೋಗಿದ್ರೆ ಇಷ್ಟೊತ್ತಿಗೆ ಡಾಕ್ಟ್ರ ಮುಂದೆ ಕೂತಿರ್ತಿದ್ವಿ.”

“ಹೌದು,” ಎಂದ ಮೇಸ್ತ್ರಿ. “ಇವತ್ತಿನ ಮಟ್ಟಿಗೆ ಅದು ನಿಜ.”

ಒಳಗೆ ಬಗ್ಗಿದರೆ ಕೆಂಪು ದೀಪದ ಮೇಲೆ ಹೊಸ ಪ್ಲಾಸ್ಟರು, ಬೆಳ್ಳಗೆ, ನೀಟಾಗಿ. ನರ್ಸಮ್ಮ ತಾವೇ ಕೈ ಚಾಚಿ ಅದನ್ನು ಕಿತ್ತು ಮುದುರಿ ಮುಷ್ಟಿಯಲ್ಲಿಟ್ಟುಕೊಂಡರು.

ಮೇಸ್ತ್ರಿ ಇಂಜಿನ್ನಿನ ಮುಚ್ಚಳ ತಿರುಗಿಸಿ ತೆಗೆದು ಅವರ ಇನ್ನೊಂದು ಕೈಗೆ ಕೊಟ್ಟ. “ಇದನ್ನ ಹಿಡ್ಕೊಳ್ಳಿ. ನಾನು ಕೇಳೋ ತನಕ ಕೊಡಬೇಡಿ.” ಡಬ್ಬಿಯನ್ನು ಎತ್ತಿ ಸುರಿಯತೊಡಗಿದ. ಮೂವರೂ ಆ ಹೊಂಬಣ್ಣದ ಎಳೆಯನ್ನು ನೋಡಿದರು. ಇಂಜಿನ್ ಬದುಕಿದೆಯೋ ಇಲ್ಲವೋ ಸ್ಟಾರ್ಟ್ ಮಾಡಿದರೆ ತಿಳಿಯುತ್ತದೆ. ಆದರೆ ಬದುಕಿದ್ದರೂ ಈ ಇಂಜಿನ್ನನ್ನು ನಂಬಿ ಮಗಳನ್ನು ಬೆಟ್ಟ ಹತ್ತಿಸುವ ಧೈರ್ಯ ಅವನಿಗಿರಲಿಲ್ಲ.

ಗೇಟು ದಾಟಿ ಬಂದ ಬೆಟ್ಟದ ಬಸ್ಸು ಪಕ್ಕದಲ್ಲೇ ನಿಧಾನಿಸಿತು. ಡ್ರೈವರ್ ಕಿಟಕಿಯಿಂದ ಇಣುಕಿದ. “ಏನ್ ಮೇಸ್ತ್ರಿ, ಗಾಡಿ ಡಾಕ್ಟ್ರಿಗೇ ಜ್ವರವಾ?”

“ಆಸ್ಪತ್ರೆ ಬಾಗಿಲಿಗೆ ಇಬ್ಬರನ್ನ ಇಳಿಸ್ತೀಯಾ? ಹನ್ನೆರಡರ ಒಳಗೆ ಮುಟ್ಟಬೇಕು.”

“ಆಗ್ಲೇ ನನ್ನ ಮಾನ ಉಳಿಸಿದೀರಿ. ಮುಂದಿನ ಸೀಟೇ ಖಾಲಿ ಮಾಡಿಸ್ತೀನಿ, ಹತ್ತಿಸಿ.”

ಅಪ್ಪನ ತೋಳು ಹಿಡಿದು ಪುಟ್ಟಿ ಮೆಟ್ಟಿಲು ಹತ್ತಿದಳು, ಹಿಂದೆ ನರ್ಸಮ್ಮ. ಬಸ್ಸು ಹೊರಡಬೇಕು ಎನ್ನುವಾಗ ಮೇಸ್ತ್ರಿಯ ಮನಸ್ಸಿಗೆ ಮತ್ತೆ ಅದೇ ಮುಳ್ಳು ಚುಚ್ಚಿತು. ಈ ಬಸ್ಸಿನ ಬ್ರೇಕ್ ಬಿಡಿಸಿದ್ದೂ ಇದೇ ಕೈ. ಅದೇ ಅವಸರದಲ್ಲಿ.

“ನಿಲ್ಲಿಸು! ಒಂದು ನಿಮಿಷ!” ಎಂದು ಕೂಗಿ ರಸ್ತೆಯ ಮೇಲೆ ಅಂಗಾತ ಮಲಗಿ ಬಸ್ಸಿನಡಿಗೆ ತೂರಿದ.

“ಆಗ್ಲೇ ನಟ್ಟು ನೀವೇ ಬಿಗಿ ಮಾಡಿದ್ರಲ್ಲ ಮೇಸ್ತ್ರಿ?” ಎಂದ ಡ್ರೈವರ್ ಮೇಲಿನಿಂದ.

“ಮಾಡಿದ್ದೆ ಅಂತ ನೆನಪು. ಇವತ್ತು ನೆನಪಿನ ಮಾತು ಕೇಳಲ್ಲ ನಾನು.”

ಪಾನಾ ಹಾಕಿ ನೋಡಿದ. ನಟ್ಟು ಬಿಗಿಯಾಗಿಯೇ ಇತ್ತು. ಮತ್ತೊಮ್ಮೆ ನೋಡಿದ. ಆಮೇಲೆ ಹೊರಬಂದು ಕೈ ಬೀಸಿದ. ಬಸ್ಸು ಮೊದಲ ತಿರುವು ದಾಟುವವರೆಗೆ ಅದರ ಸದ್ದಿಗೆ ಕಿವಿಗೊಟ್ಟು ನಿಂತ. ಕಾರಿನ ಕಡೆಗೆ ತಿರುಗಿದಾಗಲೇ ಗೊತ್ತಾಯಿತು, ಮುಚ್ಚಳ ನರ್ಸಮ್ಮನ ಕೈಯಲ್ಲೇ ಬೆಟ್ಟ ಹತ್ತಿತ್ತು.

ಬೇಕಿದ್ದರೆ ಬಟ್ಟೆ ತುರುಕಿ ಸ್ಟಾರ್ಟ್ ಮಾಡಬಹುದಿತ್ತು. ಅವನು ಮಾಡಲಿಲ್ಲ. ಮುಚ್ಚಳ ಜಾಗದಲ್ಲಿಲ್ಲದಿದ್ದರೆ ಬೀಗದಕೈ ತಿರುಗಬಾರದು. ಇಂಜಿನ್ನಿನ ತೆರೆದ ಬಾಯಿಗೆ ಕೈ ಒರೆಸುವ ಬಟ್ಟೆ ಹೊದಿಸಿ, ಅಕ್ಕನಿಗೆ ಫೋನಿನಲ್ಲಿ “ಸಿಕ್ಕಿದ್ರು” ಎಂದು ಒಂದೇ ಮಾತು ಹೇಳಿ, ಕಲ್ಲಿನ ಮೇಲೆ ಕುಳಿತ. ಬೆಟ್ಟದಿಂದ ಇಳಿಯುವ ಪ್ರತಿ ಗಾಡಿಯ ಸದ್ದಿಗೂ ಎದ್ದು ನಿಲ್ಲುತ್ತಿದ್ದ.

ಬಸ್ಸು ಇಳಿದು ಬಂದಾಗ ಮೂರು ಗಂಟೆ. ಕಿಟಕಿಯಲ್ಲಿ ಪುಟ್ಟಿಯ ಮುಖ ಮೊದಲು ಕಂಡಿತು, ನಗುತ್ತಿತ್ತು.

“ತಿರುಗಿದೆಯಂತಪ್ಪ! ತಲೆ ಕೆಳಗೇ ಇದೆಯಂತೆ!”

“ಹ್ಯಾಂಡ್ ಬ್ರೇಕ್ ಎಳೆದ ರಭಸಕ್ಕೇ ತಿರುಗಿರಬೇಕು,” ಎಂದು ನರ್ಸಮ್ಮ ಗೊಣಗುತ್ತ ಇಳಿದರು. ಬಂದು ಎದುರಿಗೆ ನಿಂತರು. ಮುಷ್ಟಿ ಬಿಗಿಯಾಗಿಯೇ ಇತ್ತು. “ನೀವು ಕೇಳೋ ತನಕ ಕೊಡಬೇಡಿ ಅಂದಿದ್ರಿ. ನೀವು ಕೇಳ್ಲೇ ಇಲ್ಲ. ಸ್ಕ್ಯಾನ್ ಕೋಣೆಗೂ ಹಿಡ್ಕೊಂಡೇ ಹೋಗಿದ್ದೆ.”

“ಈಗ ಕೊಡಿ.”

ಮೇಸ್ತ್ರಿ ಮುಚ್ಚಳ ಬಿಗಿದ. ಕಡ್ಡಿ ಎಳೆದು ಮಟ್ಟ ನೋಡಿದ. ಬೀಗದಕೈ ತಿರುಗಿಸಿದ. ಟಕಟಕಟಕ ಎಂದಿತು. ಕೆಂಪು ದೀಪ ಉರಿಯಿತು. ದೀಪ ಆರಿತು. ಟಕಟಕ ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಕೈಗಡಿಯಾರವನ್ನು ದಿಂಬಿನಡಿ ಇಟ್ಟಂತೆ ಎಲ್ಲೋ ಒಳಗೆ ಉಳಿಯಿತು.

“ಉಳಿಯುತ್ತಾ?” ಎಂದರು ನರ್ಸಮ್ಮ. ರೋಗಿಯ ಮನೆಯವರು ಅವರನ್ನು ಕೇಳುವ ದನಿಯಲ್ಲೇ.

“ಉಳಿಯಬಹುದು. ಸವೆದ ಕಬ್ಬಿಣದ ಪುಡಿ ಈಗ ಆಯಿಲಿಗೆ ಸೇರಿರುತ್ತೆ. ಐನೂರು ಕಿಲೋಮೀಟರ್ ಆದ ಕೂಡಲೇ ಗಾಡಿ ತನ್ನಿ. ಆಯಿಲ್ ಬದಲಾಯಿಸಬೇಕು.”

“ಮತ್ತೆನಾ?”

“ಮತ್ತೆ.”

ನರ್ಸಮ್ಮ ಪುಟ್ಟಿಯನ್ನು ನೋಡಿದರು. ಅವಳು ಕಣ್ಣು ಮುಚ್ಚಿ ಆ ಸಣ್ಣ ಸದ್ದಿಗೆ ಕಿವಿಗೊಟ್ಟಿದ್ದಳು. ಆಮೇಲೆ ಬೀಗರನ್ನು ನೋಡಿದರು.

“ತರ್ತೀನಿ. ಆದ್ರೆ ನೀವು ಸುರಿದು ಮುಗಿಸೋ ತನಕ ಮುಚ್ಚಳ ಸೀಟಿನ ಮೇಲಿರಲ್ಲ. ನನ್ನ ಕೈಯಲ್ಲಿರುತ್ತೆ. ಊರಿನ ಬಸ್ಸೆಲ್ಲ ಅಡ್ಡ ನಿಂತ್ರೂ ನೀವು ಅಲ್ಲಾಡೋ ಹಾಗಿಲ್ಲ.”